ಸಾವಯವ ಇಳುವರಿಯ ಸಾಮೂಹಿಕ ದಾಖಲೆ: ಉತ್ತರ ಕನ್ನಡದ ಬೆಳೆಗಾರರು ಕೂಡಿ ಕಟ್ಟುವ ಬಗೆ

ನಾವು ಕೆಲವರು ಸೇರಿ ಸಾವಯವ ಬೆಳೆಗಳ ಇಳುವರಿಯನ್ನು ಒಂದೆಡೆ ದಾಖಲಿಸತೊಡಗಿದ ಮೊದಲ ವರ್ಷ, ಶಿರಸಿ ಸೀಮೆಯ ಒಂದೇ ಊರಿನ ಮೂವರು ಅಡಿಕೆ ಬೆಳೆಗಾರರು ತಮ್ಮ ತೋಟದ ಲೆಕ್ಕ ಕಳುಹಿಸಿದ್ದರು. ಎಕರೆಗೆ 9 ಕ್ವಿಂಟಲ್ ಎಂದು ಒಬ್ಬರು, 6 ಕ್ವಿಂಟಲ್ ಎಂದು ಇನ್ನೊಬ್ಬರು, 50 ಕ್ವಿಂಟಲ್ ಎಂದು ಮತ್ತೊಬ್ಬರು ಬರೆದಿದ್ದರು. ಮೂವರೂ ಸತ್ಯವನ್ನೇ ಹೇಳಿದ್ದರು. ಮೊದಲನೆಯವರು ಕೊಟ್ಟದ್ದು ಒಣಗಿಸಿ ಸುಲಿದ ಚಾಲಿಯ ತೂಕ, ಎರಡನೆಯವರು ಕೊಟ್ಟದ್ದು ಬೇಯಿಸಿ ಒಣಗಿಸಿದ ಕೆಂಪಡಿಕೆಯ ತೂಕ, ಮೂರನೆಯವರು ಕೊಟ್ಟದ್ದು ಕೊನೆ (ಅಡಿಕೆ ಗೊನೆ) ಇಳಿಸಿದ ದಿನವೇ ಸಿಪ್ಪೆಸಮೇತ ತೂಗಿದ ಹಸಿ ಅಡಿಕೆಯ ತೂಕ. ಕೂತು ಲೆಕ್ಕ ಹಾಕಿದಾಗ ಮೂರೂ ತೋಟಗಳ ಫಸಲು ಹೆಚ್ಚುಕಡಿಮೆ ಒಂದೇ ಆಗಿತ್ತು. ನಮ್ಮ ಕೋಷ್ಟಕ ಮಾತ್ರ ಸರಾಸರಿ 21 ಕ್ವಿಂಟಲ್ 67 ಕಿಲೋ ಎಂದು ತೋರಿಸಿತು. ಅಷ್ಟು ಇಳುವರಿಯ ತೋಟ ಆ ಊರಿನಲ್ಲಿ ಒಂದೂ ಇರಲಿಲ್ಲ.

ಅಂದಿನಿಂದ ನಾವು ಕಲಿತ ಕ್ರಮವನ್ನು, ಇಂಥದೇ ದಾಖಲೆಯನ್ನು ಕಟ್ಟಲು ಹೊರಟಿರುವ ಇತರ ಗುಂಪುಗಳಿಗೆ ಉಪಯೋಗವಾಗಲೆಂದು ಇಲ್ಲಿ ವಿವರಿಸಿದ್ದೇನೆ. ಯಾವ ತಂತ್ರಾಂಶ ಬಳಸಬೇಕು ಎಂಬ ಪ್ರಶ್ನೆಯನ್ನೇ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಏನನ್ನು ತೂಗಿದೆವು, ಎಷ್ಟು ನೆಲದಿಂದ ಬಂದದ್ದನ್ನು ತೂಗಿದೆವು, ಬೆಳೆ ಹೋದವರ ಲೆಕ್ಕವನ್ನು ಬರೆದೆವೇ ಎಂಬ ಮೂರು ವಿಷಯಗಳಲ್ಲಿ ಎಲ್ಲರ ಒಪ್ಪಿಗೆ ಬಿದ್ದರೆ ಉಳಿದುದೆಲ್ಲ ಕೈಬರಹದ ಪುಸ್ತಕದಲ್ಲಿಯೂ ಸಾಗುತ್ತದೆ.

ಮೊದಲು ಪ್ರಶ್ನೆಯನ್ನು ಆರಿಸಿಕೊಳ್ಳಿ

ದಾಖಲೆ ಯಾವ ಪ್ರಶ್ನೆಗೆ ಉತ್ತರ ಹೇಳಬೇಕು ಎಂಬುದನ್ನು ಮೊದಲ ಸಭೆಯಲ್ಲಿಯೇ ಒಂದೆರಡು ವಾಕ್ಯಗಳಲ್ಲಿ ಬರೆದುಕೊಳ್ಳಬೇಕು. ರಾಸಾಯನಿಕ ಗೊಬ್ಬರವನ್ನು ನಿಲ್ಲಿಸಿದ ಮೊದಲ ಮೂರು ವರ್ಷಗಳಲ್ಲಿ ಅಡಿಕೆಯ ಇಳುವರಿ ಎಷ್ಟು ಕುಸಿಯುತ್ತದೆ, ಆಮೇಲೆ ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದು ಒಂದು ಪ್ರಶ್ನೆ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರದ ಮೇಲೆಯೇ ನಿಂತ ತೋಟದಲ್ಲಿ ಕರಿಮೆಣಸಿನ ಯಾವ ತಳಿ ಚೆನ್ನಾಗಿ ಬರುತ್ತದೆ ಎಂಬುದು ಇನ್ನೊಂದು. ಇವೆರಡಕ್ಕೂ ಬೇಕಾದ ಮಾಹಿತಿ ಬೇರೆ ಬೇರೆ. ಪ್ರಶ್ನೆ ಗೊತ್ತಿಲ್ಲದೆ ನಮೂನೆ ತಯಾರಿಸಲು ಕೂತರೆ ಬಂದವರೆಲ್ಲ ಒಂದೊಂದು ಅಂಕಣ ಸೇರಿಸುತ್ತಾರೆ, ನಮೂನೆ ನಾಲ್ಕು ಪುಟವಾಗುತ್ತದೆ, ಕೊಯ್ಲಿನ ಗಡಿಬಿಡಿಯಲ್ಲಿ ಅದನ್ನು ತುಂಬುವವರು ಯಾರೂ ಇರುವುದಿಲ್ಲ. ಒಂದು ಪುಟವನ್ನು ಮೀರದ ನಮೂನೆ ಒಳ್ಳೆಯದು.

ಹಾಗೆಯೇ ವರ್ಷ ಎಂದರೆ ಯಾವುದು ಎಂಬುದನ್ನು ಕೂಡ ನಿಗದಿ ಮಾಡಬೇಕು. ಕ್ಯಾಲೆಂಡರಿನ ವರ್ಷ ನಮ್ಮ ಬೆಳೆಗಳಿಗೆ ಹೊಂದುವುದಿಲ್ಲ, ಏಕೆಂದರೆ ಅಡಿಕೆ ಗೊನೆಗಳ ಕೊಯ್ಲು ನವೆಂಬರಿನ ಸುಮಾರಿಗೆ ಆರಂಭವಾಗಿ ಮಾರ್ಚಿನವರೆಗೂ ನಡೆಯುತ್ತದೆ. ಜೂನ್ 1ರಿಂದ ಮೇ 31ರವರೆಗಿನ ಅವಧಿಯನ್ನು ಒಂದು ಬೆಳೆ ವರ್ಷವೆಂದು ಇಟ್ಟುಕೊಂಡರೆ ಭತ್ತ, ಅಡಿಕೆ, ಕರಿಮೆಣಸು ಮೂರೂ ಅದರೊಳಗೆ ಬರುತ್ತವೆ. ಅಂಕೋಲೆಯ ಕರಿ ಇಶಾಡು ಮಾವು ಮಾತ್ರ ಈ ಗೆರೆಯನ್ನು ದಾಟುತ್ತದೆ. ಜೂನಿನಲ್ಲಿ ಇಳಿಸಿದ ಮಾವನ್ನು ಹಿಂದಿನ ವರ್ಷದ ಖಾತೆಗೆ ಬರೆಯಬೇಕೆಂದು ನಮೂನೆಯ ಮೇಲೆಯೇ ಮುದ್ರಿಸಿಬಿಡುವುದು ಕ್ಷೇಮ.

ಏನನ್ನು ತೂಗಿದ್ದೀರಿ

ಪ್ರತಿ ಬೆಳೆಗೂ ತೂಕದ ರೂಪ ಒಂದೇ ಇರಬೇಕು, ಬರೆಯುವವರು ಬೇರೆ ರೂಪದಲ್ಲಿ ತೂಗಿದ್ದರೆ ಅದೂ ಕಳೆದುಹೋಗಬಾರದು. ಆದ್ದರಿಂದ ತೂಕದ ಅಂಕಣದ ಪಕ್ಕದಲ್ಲಿಯೇ ರೂಪದ ಅಂಕಣವೊಂದು ಕಡ್ಡಾಯವಾಗಿರಲಿ. ಅಡಿಕೆಗೆ ಹಸಿ, ಚಾಲಿ, ಕೆಂಪಡಿಕೆ ಎಂಬ ಮೂರು ಆಯ್ಕೆಗಳು ಸಾಕು. ಬಿಳೇಗೋಟು, ಕೋಕಾ ಮುಂತಾದ ಕೆಳದರ್ಜೆಯ ಮಾಲನ್ನು ಬಿಡದೆ ಬೇರೆ ಸಾಲಿನಲ್ಲಿ ಬರೆಯಬೇಕು, ಏಕೆಂದರೆ ದರ ಕಡಿಮೆಯಾದರೂ ಅದೂ ಅದೇ ಮರ ಕೊಟ್ಟ ಫಸಲೇ.

ಒಂದು ರೂಪದಿಂದ ಇನ್ನೊಂದಕ್ಕೆ ಪರಿವರ್ತಿಸುವ ಪ್ರಮಾಣವನ್ನು ಪುಸ್ತಕದಿಂದ ತೆಗೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಸಿ ಅಡಿಕೆಯ ತೂಕದ ಐದನೆಯ ಒಂದು ಪಾಲಿನಷ್ಟು ಚಾಲಿ ಸಿಗುತ್ತದೆ ಎಂಬ ಸ್ಥೂಲ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಆದರೆ ಮೊದಲ ಕೊಯ್ಲಿಗೂ ಕೊನೆಯ ಕೊಯ್ಲಿಗೂ, ಎಳೆಯದಿದ್ದಾಗಲೇ ಇಳಿಸುವ ಕೆಂಪಡಿಕೆಗೂ ಹಣ್ಣಾದ ಮೇಲೆ ಇಳಿಸುವ ಚಾಲಿಗೂ ಈ ಪ್ರಮಾಣ ಬದಲಾಗುತ್ತದೆ. ಪ್ರತಿ ಮನೆಯೂ ಪ್ರತಿ ಕೊಯ್ಲಿನಲ್ಲಿ ಸರಿಯಾಗಿ 10 ಕಿಲೋ ಹಸಿ ಅಡಿಕೆಯನ್ನು ಬೇರ್ಪಡಿಸಿ, ಅಂಗಳದ ಒಂದು ಮೂಲೆಯಲ್ಲಿ ಗುರುತು ಹಾಕಿದ ತಟ್ಟಿಯ ಮೇಲೆ ಒಣಗಿಸಿ, ಸುಲಿದು, ಮತ್ತೆ ತೂಗಿ ಬರೆದುಕೊಳ್ಳುವುದು ಉತ್ತಮ. ಚಾಲಿ ಒಣಗಲು ಸುಮಾರು 40 ದಿನ ಹಿಡಿಯುವುದರಿಂದ, ತಟ್ಟಿಯ ಅಂಚಿಗೆ ಒಂದು ಚೀಟಿ ಕಟ್ಟಿ, ಅದರಲ್ಲಿ ಕೊಯ್ಲಿನ ದಿನಾಂಕ ಮತ್ತು ಹಸಿ ತೂಕವನ್ನು ಪೆನ್ಸಿಲಿನಿಂದ ಬರೆದಿಡಬೇಕು. ಪೆನ್ನಿನ ಶಾಯಿ ಬಿಸಿಲು ಇಬ್ಬನಿಗಳಿಗೆ ಮಾಸಿಹೋಗುತ್ತದೆ. ಕರಿಮೆಣಸಿನಲ್ಲಿಯೂ ಇದೇ ಕ್ರಮ: ಮೂರು ಕಿಲೋ ಹಸಿಗೆ ಒಂದು ಕಿಲೋ ಒಣಮೆಣಸು ಎಂಬುದು ಸ್ಥೂಲ ಲೆಕ್ಕ, ಪಣಿಯೂರು-1 ಎಂಬ ಸುಧಾರಿತ ತಳಿಗೂ ನಾಟಿ ತಳಿಗಳಿಗೂ ಅದು ಒಂದೇ ಆಗಿರಬೇಕೆಂದಿಲ್ಲ, ಹಾಗಾಗಿ ತಳಿಗೊಂದರಂತೆ ಬೇರೆ ಬೇರೆ ಒಣಗಿಸಿ ನೋಡಬೇಕು.

ಇಲ್ಲಿ ಒಂದು ತೊಡಕಿದೆ, ಅದು ನಮ್ಮ ಗಮನಕ್ಕೆ ಬಂದದ್ದು ಎರಡನೆಯ ವರ್ಷ. ಮನೆಯಲ್ಲಿ ತೂಕ ಮಾಡದವರು ಸಹಕಾರಿ ಸಂಘದ ಮಾರಾಟದ ಪಟ್ಟಿಯನ್ನು ತಂದುಕೊಡುತ್ತಾರೆ. ತೂಕದ ನಿಖರತೆಯಲ್ಲಿ ಆ ಪಟ್ಟಿಗೆ ಸಾಟಿಯಿಲ್ಲ, ಆದರೆ ಅದು ಮಾರಿದ್ದರ ಲೆಕ್ಕ. ದರ ಏರಲೆಂದು ಚಾಲಿಯನ್ನು ಒಂದು ವರ್ಷ, ಎರಡು ವರ್ಷ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಇರುವುದರಿಂದ, ಈ ವರ್ಷದ ಪಟ್ಟಿಯಲ್ಲಿ ಹೋದ ವರ್ಷದ ಫಸಲು ಸೇರಿರಬಹುದು, ಈ ವರ್ಷದ ಅರ್ಧ ಫಸಲು ಅಟ್ಟದ ಮೇಲೆಯೇ ಉಳಿದಿರಬಹುದು. ಮಾರಾಟದ ಪಟ್ಟಿಯನ್ನು ಆಧಾರವಾಗಿ ಬಳಸುವಾಗ ವರ್ಷದ ಆರಂಭದಲ್ಲಿ ಮನೆಯಲ್ಲಿದ್ದ ಮಾಲೆಷ್ಟು, ವರ್ಷದ ಕೊನೆಯಲ್ಲಿ ಉಳಿದದ್ದೆಷ್ಟು ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಮಾರಿದ್ದಕ್ಕೆ ಉಳಿದದ್ದನ್ನು ಕೂಡಿಸಿ, ಮೊದಲೇ ಇದ್ದದ್ದನ್ನು ಕಳೆದರೆ ಆ ವರ್ಷದ ಫಸಲು ಸಿಗುತ್ತದೆ.

ಭತ್ತಕ್ಕೆ ಸರ್ಕಾರದ ಬೆಳೆ ಕಟಾವು ಪ್ರಯೋಗದಲ್ಲಿ ಬಳಸುವ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವೇ ಸಾಕು. ಚೌಕ ಎಲ್ಲಿ ಬೀಳಬೇಕೆಂಬುದನ್ನು ಕಣ್ಣು ನಿರ್ಧರಿಸಬಾರದು. ಗದ್ದೆಯ ಒಡೆಯರ ಕಣ್ಣು ತೆನೆ ತೂಗುವ ಜಾಗಕ್ಕೇ ಹೋಗುತ್ತದೆ, ಅದು ಸಹಜ. ಎರಡು ಚೀಟಿ ಎತ್ತಿ, ಬಂದ ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೆ, ಬಂದ ಸಂಖ್ಯೆಯಷ್ಟು ಹೆಜ್ಜೆ ಅಡ್ಡಕ್ಕೆ ನಡೆದು ಅಲ್ಲಿ ಗೂಟ ಊರಬೇಕು. ಚೌಕದ 25 ಚದರ ಮೀಟರಿನಲ್ಲಿ ಸಿಕ್ಕ ಕಿಲೋವನ್ನು 162ರಿಂದ ಗುಣಿಸಿದರೆ ಒಂದು ಎಕರೆಯ ಲೆಕ್ಕ ಬರುತ್ತದೆ. ಆಮೇಲೆ ತೇವಾಂಶ. ಒಕ್ಕಿದ ದಿನದ ಭತ್ತದಲ್ಲಿ ಶೇ 20ಕ್ಕಿಂತ ಹೆಚ್ಚು ತೇವ ಇರುವುದು ಸಾಮಾನ್ಯವಾದ್ದರಿಂದ ಎಲ್ಲ ತೂಕವನ್ನೂ ಶೇ 14ರ ತೇವಕ್ಕೆ ಇಳಿಸಿ ಬರೆಯಬೇಕು: ನೂರರಿಂದ ಈಗಿನ ತೇವಾಂಶವನ್ನು ಕಳೆದು, 86ರಿಂದ ಭಾಗಿಸಿ, ಬಂದದ್ದರಿಂದ ತೂಕವನ್ನು ಗುಣಿಸುವುದು. ಚೌಕದಲ್ಲಿ ಶೇ 22 ತೇವದ 9.2 ಕಿಲೋ ಸಿಕ್ಕಿದರೆ ಎಕರೆಗೆ 1,490 ಕಿಲೋ ಹಸಿ ಭತ್ತ, ತೇವ ಸರಿಪಡಿಸಿದ ಮೇಲೆ ಸುಮಾರು 1,352 ಕಿಲೋ. ತೇವಾಂಶ ಅಳೆಯುವ ಯಂತ್ರ ಗುಂಪಿಗೆ ಒಂದಿದ್ದರೆ ಸಾಕು. ಗುಡ್ಡದ ಬದಿಯ ಸಣ್ಣ ಮಕ್ಕಿಗದ್ದೆಗಳಲ್ಲಿ ಐದು ಮೀಟರಿನ ಚೌಕ ಕೂರದಿದ್ದರೆ ಇಡೀ ಗದ್ದೆಯನ್ನೇ ಕೊಯ್ದು ತೂಗಬೇಕು, ಗದ್ದೆಯ ವಿಸ್ತೀರ್ಣವನ್ನು ಟೇಪು ಹಿಡಿದು ಅಳೆಯಬೇಕು.

ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಬೆಳೆಯುವ ಕಗ್ಗ ಭತ್ತಕ್ಕೆ ಬೇರೆಯದೇ ಎಚ್ಚರ ಬೇಕು. ಉಪ್ಪುನೀರನ್ನು ತಾಳಿಕೊಳ್ಳುವ ಈ ಎತ್ತರದ ತಳಿಗೆ ಯಾವ ಗೊಬ್ಬರವನ್ನೂ ಹಾಕುವ ರೂಢಿಯಿಲ್ಲ. ಹೊಳೆ ತಂದ ಗೋಡು ಮಣ್ಣೇ ಅದರ ಗೊಬ್ಬರ. ನೀರು ನಿಂತ ಗದ್ದೆಯಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುವಲ್ಲಿ ಗೂಟ ಊರಿ ಚೌಕ ಹಾಕುವುದು ಸುಲಭವಲ್ಲ. ನಾವು ಮೊದಲ ಸಲ ತೆಂಗಿನ ನಾರಿನ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿಕೊಂಡು ಹೋಗಿ, ನಾಲ್ಕು ಬಿದಿರಿನ ಗಳಗಳನ್ನು ಕೆಸರಿಗೆ ಚುಚ್ಚಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಚೌಕ ಎಳೆದಿದ್ದೆವು. ಹಿಂದಿರುಗಿ ದಡದಲ್ಲಿ ಆ ಹಗ್ಗವನ್ನು ಟೇಪಿನ ಪಕ್ಕಕ್ಕೆ ಇಟ್ಟು ನೋಡಿದರೆ ನೆನೆದ ಹಗ್ಗ ಕುಗ್ಗಿ, ಐದು ಮೀಟರ್ ಐದು ಮೀಟರಾಗಿ ಉಳಿದಿರಲಿಲ್ಲ. ಅಂದಿನ ಅಳತೆಯನ್ನು ನಾವು ದಾಖಲೆಯಿಂದ ಕೈಬಿಡಬೇಕಾಯಿತು. ಈಗ ಪ್ಲಾಸ್ಟಿಕ್ ಟೇಪನ್ನೇ ಒಯ್ಯುತ್ತೇವೆ, ಇಳಿತದ ಹೊತ್ತನ್ನು ನೋಡಿಕೊಂಡು ಗದ್ದೆಗೆ ಇಳಿಯುತ್ತೇವೆ. ಅದೇ ಗಜನಿಯಲ್ಲಿ ಭತ್ತದ ನಂತರ ಹಿಡಿಯುವ ಸಿಗಡಿ, ಮೀನುಗಳನ್ನೂ ಅದೇ ಜಮೀನಿನ ತುಂಡಿನ ಎರಡನೆಯ ಫಸಲೆಂದು ಬರೆಯಬೇಕು. ಭತ್ತವೊಂದನ್ನೇ ನೋಡಿದವರಿಗೆ ಕಗ್ಗ ಬಡ ಬೆಳೆಯಾಗಿ ಕಾಣುತ್ತದೆ, ಆ ಅನ್ಯಾಯಕ್ಕೆ ನಮ್ಮ ದಾಖಲೆ ಕಾರಣವಾಗಬಾರದು.

ಎಣಿಸಿ ಮಾರುವ ಬೆಳೆಗಳು ಇನ್ನೊಂದು ವರ್ಗ. ಇಶಾಡು ಡಜನ್ ಲೆಕ್ಕದಲ್ಲಿ ಹೋಗುತ್ತದೆ, ತೆಂಗು ಕಾಯಿ ಲೆಕ್ಕದಲ್ಲಿ, ಕುಮಟೆಯ ಸಿಹಿ ಈರುಳ್ಳಿ ಹೆಣೆದ ಗೊಂಚಲಿನಲ್ಲಿ, ಹರಿವೆ ಬಸಳೆಗಳು ಕಟ್ಟಿನಲ್ಲಿ. ಬೆಳೆಗಾರರು ಎಣಿಸುವುದನ್ನು ಎಣಿಕೆಯಲ್ಲಿಯೇ ಬರೆಯಲು ಬಿಡಿ. ಅವರು ಮನಸ್ಸಿನಲ್ಲಿಯೇ ಕಿಲೋ ಮಾಡಿ ಹೇಳುವಂತೆ ಒತ್ತಾಯಿಸಿದರೆ ಸರಿಯಾದ ಎಣಿಕೆಯೂ ಕೈತಪ್ಪುತ್ತದೆ. ಪ್ರತಿ ಹಂಗಾಮಿನಲ್ಲಿ ಆರಿಸದೆ ತೆಗೆದ 20 ಹಣ್ಣು ಅಥವಾ 10 ಗೊಂಚಲು ತೂಗಿ ಸರಾಸರಿ ಹಿಡಿದರೆ ಪರಿವರ್ತನೆಯನ್ನು ದಾಖಲೆಗಾರರೇ ಮಾಡಬಹುದು. ಸೊಪ್ಪಿನ ಹೊರೆ, ದರಕಿನ (ಒಣ ಎಲೆಯ) ಹೊರೆಗೂ ಇದು ಅನ್ವಯಿಸುತ್ತದೆ. ಹೊರುವವರು ಬದಲಾದರೆ ಹೊರೆಯ ತೂಕವೂ ಬದಲಾಗುವುದರಿಂದ ಒಬ್ಬೊಬ್ಬರ ಐದು ಹೊರೆಯನ್ನಾದರೂ ತೂಗಿ ನೋಡಬೇಕು.

ತಕ್ಕಡಿಯ ಬಗ್ಗೆ ಒಂದೇ ಮಾತು: ಹಂಗಾಮು ಆರಂಭವಾಗುವ ಮೊದಲು ಎಲ್ಲ ಮನೆಗಳ ತೂಗುವ ಸಾಧನಗಳನ್ನು ಒಂದೆಡೆ ತಂದು, ಮುದ್ರೆಯಿರುವ 10 ಕಿಲೋ ತೂಕದ ಬಟ್ಟನ್ನು ಪ್ರತಿಯೊಂದರ ಮೇಲೂ ಇಟ್ಟು ನೋಡಿ, ಬಂದ ವ್ಯತ್ಯಾಸವನ್ನು ಅದರ ಮೈಮೇಲೆಯೇ ಬರೆಯಬೇಕು, ಮತ್ತು ಗೋಣಿಚೀಲದ ತೂಕವನ್ನು ಕಳೆಯುವುದನ್ನು ಮರೆಯಬಾರದು.

ಎಷ್ಟು ನೆಲದಿಂದ

ಪಹಣಿಯಲ್ಲಿರುವ ವಿಸ್ತೀರ್ಣ ಬೆಳೆ ನಿಂತ ವಿಸ್ತೀರ್ಣವಲ್ಲ. ಒಂದು ಎಕರೆ ಬಾಗಾಯತಿನೊಳಗೆ ಬಸಿಗಾಲುವೆ, ದಾರಿ, ಅಂಚಿನ ಕಾಡುಮರಗಳ ನೆರಳು, ಕೆಲವೊಮ್ಮೆ ಹಳ್ಳದ ದಂಡೆಯೂ ಸೇರಿರುತ್ತದೆ. ಅಡಿಕೆಯಲ್ಲಿ ಫಲ ಕೊಡುವ ಮರಗಳ ಸಂಖ್ಯೆಯೇ ನೆಲದ ಅಳತೆಗಿಂತ ಹೆಚ್ಚು ನಂಬಬಹುದಾದ ಆಧಾರ. ಶಿಫಾರಸಿನಂತೆ 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರಗಳು ಕೂರುತ್ತವೆ, ಆದರೆ ಅಜ್ಜನ ಕಾಲದಿಂದ ಸತ್ತ ಮರದ ಜಾಗಕ್ಕೆ ಸಸಿ ನೆಡುತ್ತ ಬಂದ ಹಳೆಯ ತೋಟಗಳಲ್ಲಿ ಯಾವ ಅಂತರವೂ ಉಳಿದಿರುವುದಿಲ್ಲ. ಫಲ ಕೊಡುವ ಮರ, ಇನ್ನೂ ಫಲಕ್ಕೆ ಬಾರದ ಸಸಿ, ಮುದಿಮರ ಎಂದು ಮೂರು ಬಗೆಯಾಗಿ ವರ್ಷಕ್ಕೊಮ್ಮೆ ಎಣಿಸಿ, ಇಳುವರಿಯನ್ನು ಮರವೊಂದಕ್ಕೆ ಇಷ್ಟು ಎಂದೂ ಎಕರೆಗೆ ಇಷ್ಟು ಎಂದೂ ಎರಡೂ ಬಗೆಯಲ್ಲಿ ಬರೆಯಬೇಕು. ಮೆಣಸಿಗೆ ಬಳ್ಳಿಗಳ ಎಣಿಕೆ ಇದೇ ಕೆಲಸ ಮಾಡುತ್ತದೆ. ಗುಂಟೆಯಲ್ಲಿ ಹೇಳುವವರಿಗೆ 40 ಗುಂಟೆಗೆ ಒಂದು ಎಕರೆ ಎಂಬ ಲೆಕ್ಕ ಸಲೀಸು, ಹಾಗೆಯೇ ಬರೆದುಕೊಳ್ಳಿ.

ನಮ್ಮ ತೋಟ ಒಂದೇ ಬೆಳೆಯದ್ದಲ್ಲ. ಅಡಿಕೆ ಮರಕ್ಕೆ ಮೆಣಸು ಹಬ್ಬಿರುತ್ತದೆ, ನಡುವೆ ಬಾಳೆ, ಕೆಳಗೆ ಏಲಕ್ಕಿ, ಅಂಚಿಗೆ ಜಾಯಿಕಾಯಿ. ಹೊರಗಿನವರು ಮಾಡಿದ ನಮೂನೆಗಳು ಒಂದು ಎಕರೆಯನ್ನು ಈ ಬೆಳೆಗಳಿಗೆ ಹಂಚಿ ಬರೆಯಲು ಕೇಳುತ್ತವೆ: ಅಡಿಕೆಗೆ ಮುಕ್ಕಾಲು, ಮೆಣಸಿಗೆ ಕಾಲು, ಹೀಗೆ. ಅಂಥ ಹಂಚಿಕೆ ಬರೀ ಊಹೆ, ಅದನ್ನು ಮಾಡಬಾರದು. ಪ್ರತಿ ಬೆಳೆಗೂ ಪೂರ್ತಿ ತುಂಡಿನ ವಿಸ್ತೀರ್ಣವನ್ನೇ ಇಟ್ಟು, ಆ ತುಂಡಿನಲ್ಲಿ ಬೇರೆ ಏನೇನಿದೆ ಎಂದು ನಮೂದಿಸಬೇಕು. ಮಿಶ್ರಬೆಳೆಯ ಒಟ್ಟು ಸಾಮರ್ಥ್ಯವನ್ನು ತಿಳಿಯಲು ಭೂ ಸಮಾನತಾ ಅನುಪಾತ ಎಂಬ ಸರಳ ಲೆಕ್ಕವಿದೆ. ಅಡಿಕೆಯನ್ನೊಂದೇ ಬೆಳೆದಾಗ ಎಕರೆಗೆ 9 ಕ್ವಿಂಟಲ್, ಮೆಣಸನ್ನೊಂದೇ ಬೆಳೆದಾಗ 4 ಕ್ವಿಂಟಲ್ ಬರುತ್ತದೆ ಎಂದುಕೊಳ್ಳೋಣ. ಎರಡನ್ನೂ ಕೂಡಿಸಿ ಬೆಳೆದ ಎಕರೆಯಲ್ಲಿ 8 ಕ್ವಿಂಟಲ್ ಅಡಿಕೆ, 2 ಕ್ವಿಂಟಲ್ ಮೆಣಸು ಬಂದಿದ್ದರೆ, ಒಂಬತ್ತರಲ್ಲಿ ಎಂಟು ಪಾಲಿಗೆ ನಾಲ್ಕರಲ್ಲಿ ಎರಡು ಪಾಲು ಕೂಡಿ 1.39 ಆಗುತ್ತದೆ. ಅಂದರೆ ಆ ಒಂದು ಎಕರೆಯಷ್ಟು ಫಸಲನ್ನು ಬೇರೆ ಬೇರೆಯಾಗಿ ತೆಗೆಯಲು 1.39 ಎಕರೆ ಬೇಕಾಗುತ್ತಿತ್ತು. ಸಾವಯವ ತೋಟವನ್ನು ಅಡಿಕೆಯ ತೂಕವೊಂದರಿಂದಲೇ ಅಳೆದು ಕಡಿಮೆ ಎನ್ನುವವರಿಗೆ ತೋರಿಸಬೇಕಾದ ಅಂಕಿ ಇದು.

ಪಹಣಿಯ ವಿಷಯದಲ್ಲಿ ಇನ್ನೂ ಒಂದು ಕಾಳಜಿ. ನೋಂದಣಿಗೆ ಪಹಣಿಯ ಪ್ರತಿಯನ್ನು ಕಡ್ಡಾಯ ಮಾಡಬೇಡಿ. ಅಂಕೋಲಾ, ಕುಮಟಾ, ಕಾರವಾರದ ಕಡೆ ತರಕಾರಿ ಬೆಳೆದು ಬುಟ್ಟಿಯಲ್ಲಿ ಹೊತ್ತು ತಂದು ಮಾರುವ ಹಾಲಕ್ಕಿ ಹೆಂಗಸರಲ್ಲಿ ಹಲವರ ಹೆಸರು ಯಾವ ಪಹಣಿಯಲ್ಲಿಯೂ ಇರುವುದಿಲ್ಲ. ಗೇಣಿಗೆ ಮಾಡುವವರದೂ ಅದೇ ಸ್ಥಿತಿ. ಗದ್ದೆಯಲ್ಲಿ ಕೈಯಿಟ್ಟು ಬೆಳೆ ತೆಗೆದವರೇ ಲೆಕ್ಕ ಹೇಳಬಲ್ಲವರು, ದಾಖಲೆಯಲ್ಲಿ ಬೆಳೆಗಾರರೆಂದು ಅವರನ್ನೇ ಬರೆಯಬೇಕು.

ಸಾವಯವ ಎಂಬ ಪದ

ಸಾವಯವವೇ, ಹೌದು ಅಥವಾ ಇಲ್ಲ ಎಂಬ ಪ್ರಶ್ನೆಗೆ ಬಂದ ಉತ್ತರಗಳಿಂದ ಏನನ್ನೂ ತಿಳಿಯಲಾಗುವುದಿಲ್ಲ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರ ಪಡೆದವರು, ಪಿಜಿಎಸ್ ಇಂಡಿಯಾದಡಿ ಗುಂಪಾಗಿ ಪರಸ್ಪರ ಪರಿಶೀಲನೆ ಮಾಡಿಕೊಂಡವರು, ಪರಿವರ್ತನೆಯ ಅವಧಿಯಲ್ಲಿರುವವರು, ಯಾವ ಪ್ರಮಾಣಪತ್ರವೂ ಇಲ್ಲದೆ ತಲೆಮಾರುಗಳಿಂದ ಹಾಗೆಯೇ ಬೆಳೆಯುತ್ತಿರುವವರು ಎಂದು ನಾಲ್ಕು ಬಗೆ ಮಾಡಿದರೆ ಕಗ್ಗದ ಗದ್ದೆಗೂ ಒಂದು ಸ್ಥಾನ ಸಿಗುತ್ತದೆ. ಪ್ರಮಾಣಪತ್ರದ ನಿಯಮದಲ್ಲಿ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ ಮೂರು ವರ್ಷ, ಭತ್ತದಂಥ ಬೆಳೆಗೆ ಬಿತ್ತನೆಗೆ ಮುಂಚಿನ ಎರಡು ವರ್ಷ. ಹೀಗಾಗಿ ಕೊನೆಯ ಬಾರಿ ರಾಸಾಯನಿಕ ಗೊಬ್ಬರ ಅಥವಾ ಕೀಟನಾಶಕ ಬಳಸಿದ ವರ್ಷ ಯಾವುದು ಎಂಬುದೇ ಈ ಭಾಗದ ಅತಿ ಮುಖ್ಯ ಅಂಕಣ.

ಬೋರ್ಡೋ ದ್ರಾವಣದ ಪ್ರಶ್ನೆಯನ್ನು ಸಂಕೋಚವಿಲ್ಲದೆ ಎತ್ತಿಕೊಳ್ಳಬೇಕು. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಹೊಡೆಯದ ಅಡಿಕೆ ತೋಟಗಳು ಘಟ್ಟದ ಮೇಲೆ ವಿರಳ, ಸಾವಯವ ನಿಯಮಗಳಲ್ಲಿ ತಾಮ್ರಕ್ಕೆ ಅನುಮತಿ ಇರುವುದು ನಿರ್ಬಂಧಗಳೊಂದಿಗೆ. ನಮ್ಮಲ್ಲಿ ಕೆಲವರು ಹೊಡೆದದ್ದನ್ನು ಹೇಳಲು ಹಿಂಜರಿದರು, ಕೆಲವರು ಅದು ಔಷಧವೇ ಅಲ್ಲವೆಂದು ಬರೆಯದೆ ಬಿಟ್ಟರು. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹೋಗುತ್ತದೆ. ಮೈಲುತುತ್ತದಲ್ಲಿ ತಾಮ್ರದ ಪಾಲು ಸುಮಾರು ಶೇ 25 ಆದ್ದರಿಂದ 100 ಲೀಟರಿಗೆ ಕಾಲು ಕಿಲೋ ತಾಮ್ರ ಎಂದಾಯಿತು. ಎಷ್ಟು ಬ್ಯಾರೆಲ್ ಹೊಡೆದಿರಿ, ಎಷ್ಟು ಸಲ ಎಂದು ಮಾತ್ರ ಕೇಳಿದರೆ ತಾಮ್ರದ ಲೆಕ್ಕವನ್ನು ದಾಖಲೆಗಾರರೇ ಮಾಡಿಕೊಳ್ಳಬಹುದು, ತೀರ್ಪು ಕೊಡುವ ಧ್ವನಿಯೂ ಬರುವುದಿಲ್ಲ.

ಸೊನ್ನೆಯೂ ಫಸಲಿನ ಲೆಕ್ಕವೇ

ಕೊಳೆ ಬಂದು ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಬಿದ್ದ ವರ್ಷ ಯಾರಿಗೂ ನಮೂನೆ ತುಂಬುವ ಮನಸ್ಸಿರುವುದಿಲ್ಲ. ಗದ್ದೆಯನ್ನು ಒಂದೇ ರಾತ್ರಿಯಲ್ಲಿ ಕಾಡುಹಂದಿ ಉತ್ತುಹೋದ ಮನೆಯಲ್ಲಿ ಇಳುವರಿ ಎಷ್ಟು ಎಂದು ಕೇಳುವುದೂ ಕಷ್ಟ. ಆದರೂ ಕೇಳಬೇಕು. ಮೂರು ತೋಟಗಳಲ್ಲಿ 8, 7 ಮತ್ತು 0 ಕ್ವಿಂಟಲ್ ಬಂದಿದ್ದರೆ ಸರಾಸರಿ 5; ಮೂರನೆಯವರು ಬರೆಯದೆ ಉಳಿದರೆ ಅದೇ ಸರಾಸರಿ 7.5 ಆಗಿಬಿಡುತ್ತದೆ. ಆ ಏಳೂವರೆಯನ್ನು ನಂಬಿ ಸಾಲ ಮಾಡಿ ಸಾವಯವಕ್ಕೆ ತಿರುಗಿದ ಹೊಸಬರಿಗೆ ನಾವು ಉತ್ತರ ಹೇಳಬೇಕಾಗುತ್ತದೆ.

ಇದಕ್ಕೆ ನಮಗೆ ಕಂಡ ಉಪಾಯ ಒಂದೇ. ಯಾರು ಯಾರು, ಯಾವ ತುಂಡಿನ ಯಾವ ಬೆಳೆಯ ಲೆಕ್ಕ ಕೊಡುತ್ತಾರೆ ಎಂಬ ಪಟ್ಟಿಯನ್ನು ಫಸಲು ಹೇಗಾಗುತ್ತದೆಂದು ತಿಳಿಯುವ ಮೊದಲೇ, ಅಂದರೆ ಜೂನಿನಲ್ಲಿಯೇ ಮುಗಿಸಿ, ಆ ಪಟ್ಟಿಯಲ್ಲಿರುವ ಪ್ರತಿ ತುಂಡನ್ನೂ ಕೊನೆಯವರೆಗೆ ಹಿಂಬಾಲಿಸುವುದು. ವರ್ಷದ ಕೊನೆಗೆ ಪಟ್ಟಿಯಲ್ಲಿದ್ದವರೆಷ್ಟು, ಲೆಕ್ಕ ಕೊಟ್ಟವರೆಷ್ಟು ಎಂಬ ಎರಡು ಸಂಖ್ಯೆಗಳನ್ನು ಇಳುವರಿಯ ಪಕ್ಕದಲ್ಲಿಯೇ ಪ್ರಕಟಿಸಬೇಕು. ಬೆಳೆ ಪೂರ್ತಿ ಹೋದುದಕ್ಕೆ 0 ಎಂದೂ, ತೂಗಲಿಲ್ಲ ಎಂಬುದಕ್ಕೆ ಖಾಲಿ ಜಾಗವನ್ನೂ ಬಳಸಬೇಕು, ಇವೆರಡನ್ನು ಎಂದಿಗೂ ಬೆರೆಸಬಾರದು. ಹಾನಿಯ ಕಾರಣವನ್ನು ಕೊಳೆ, ಮಂಗ, ಹಂದಿ, ನೆರೆ, ಉಪ್ಪುನೀರು ನುಗ್ಗಿದ್ದು ಎಂದು ಚಿಕ್ಕ ಪಟ್ಟಿಯಿಂದ ಆರಿಸುವಂತಿರಲಿ.

ಕೋಷ್ಟಕ ಮತ್ತು ತಂತ್ರಾಂಶ

ಎಲ್ಲವನ್ನೂ ಒಂದೇ ಉದ್ದನೆಯ ಹಾಳೆಯಲ್ಲಿ ತುರುಕದೆ ನಾಲ್ಕು ಕೋಷ್ಟಕ ಮಾಡಿಕೊಳ್ಳಿ: ಮನೆ, ತುಂಡು, ಕೊಯ್ಲು, ಒಳಸುರಿ (ಹಾಕಿದ ಗೊಬ್ಬರ, ಔಷಧ ಮುಂತಾದವು). ಒಂದು ಮನೆಗೆ ಹಲವು ತುಂಡು, ಒಂದು ತುಂಡಿಗೆ ಹಲವು ಕೊಯ್ಲು ಇರುವುದರಿಂದ ಅವುಗಳನ್ನು ಜೋಡಿಸುವ ಗುರುತಿನ ಸಂಖ್ಯೆ ಬೇಕು. ಶಿರಸಿ ತಾಲೂಕಿನ ಏಳನೆಯ ಮನೆಯ ಎರಡನೆಯ ತುಂಡಿಗೆ ಶಿ-07-2 ಎಂಬಂತೆ ಒಮ್ಮೆ ಕೊಟ್ಟ ಸಂಖ್ಯೆಯನ್ನು, ಆ ಮನೆಯವರು ಗುಂಪನ್ನು ಬಿಟ್ಟರೂ ಇನ್ನೊಬ್ಬರಿಗೆ ಕೊಡಬಾರದು. ತುಂಡಿನ ವಿವರದಲ್ಲಿ ಗ್ರಾಮ ಪಂಚಾಯ್ತಿಯ ಹೆಸರಿರಲಿ; ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯ್ತಿ ಮಟ್ಟದಲ್ಲಿರುವುದರಿಂದ ಮುಂದೆ ಮಳೆಯ ಲೆಕ್ಕವನ್ನು ಇಳುವರಿಯ ಜೊತೆಗೆ ಹೊಂದಿಸಲು ಅದೇ ಕೊಂಡಿ.

ಬೆಳೆ ಮತ್ತು ತಳಿಯ ಹೆಸರುಗಳನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಬೇಕು. ಕರಿಮೆಣಸು, ಕಾಳುಮೆಣಸು, ಮೆಣಸಿನಕಾಳು ಎಂದು ಮೂರು ಹೆಸರು ಬಂದರೆ ಯಂತ್ರಕ್ಕೆ ಅವು ಮೂರು ಬೆಳೆಗಳು. ಅಂಕಿಗಳನ್ನು 1, 2, 3 ಎಂದೇ ಬರೆಯುವಂತೆ ಹೇಳಿ, ಏಕೆಂದರೆ ಕನ್ನಡ ಅಂಕಿಗಳನ್ನು ಹಲವು ತಂತ್ರಾಂಶಗಳು ಸಂಖ್ಯೆಯೆಂದು ಗುರುತಿಸದೆ ಕೂಡಿಸುವಾಗ ಬಿಟ್ಟುಬಿಡುತ್ತವೆ. ಎಲ್ಲವೂ ಯೂನಿಕೋಡಿನಲ್ಲಿರಲಿ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿರುವ ಕಡತವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು. ಅಲ್ಪವಿರಾಮದಿಂದ ಅಂಕಣಗಳನ್ನು ಬೇರ್ಪಡಿಸಿದ ಸಿಎಸ್‌ವಿ ಕಡತವನ್ನು ಎಕ್ಸೆಲಿನಲ್ಲಿ ನೇರವಾಗಿ ತೆರೆದಾಗ ಕನ್ನಡ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ಕಡತ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ಡೇಟಾ ಆಮದು ಮಾಡುವ ಆಯ್ಕೆಗೆ ಹೋಗಿ ಯುಟಿಎಫ್-8 ಎಂದು ಆರಿಸಿದರೆ ಸರಿಯಾಗುತ್ತದೆ.

ನೆಟ್‌ವರ್ಕ್ ಸಿಗದ ಊರುಗಳೇ ಹೆಚ್ಚಿರುವ ನಮ್ಮ ಜಿಲ್ಲೆಗೆ ಮೊಬೈಲಿನಲ್ಲಿ ನಮೂನೆ ತುಂಬುವ ಒಡಿಕೆ ಕಲೆಕ್ಟ್ ಅಥವಾ ಕೋಬೋ ಟೂಲ್‌ಬಾಕ್ಸ್ ತಂತ್ರಾಂಶ ಸೂಕ್ತ. ನಮೂನೆಯನ್ನು ಕನ್ನಡದಲ್ಲಿಯೇ ಮಾಡಬಹುದು, ತೋಟದಲ್ಲಿ ನಿಂತು ತುಂಬಿದ್ದನ್ನು ಪೇಟೆಗೆ ಬಂದಾಗ ಕಳುಹಿಸಬಹುದು. ಇಪ್ಪತ್ತು ಮೂವತ್ತು ಮನೆಗಳ ಗುಂಪಿಗೆ ಕಾಗದದ ನಮೂನೆ ಮತ್ತು ಒಂದು ಸ್ಪ್ರೆಡ್‌ಶೀಟ್ ಕೂಡ ಧಾರಾಳವಾಗಿ ಸಾಕು.

ಅನುಮಾನ ಹುಟ್ಟಿಸುವ ಅಂಕಿ ಬಂದರೆ ಯಂತ್ರ ಎಚ್ಚರಿಸಲಿ, ತಡೆಯದಿರಲಿ. ಅಳಿಸುವ ಮೊದಲು ಫೋನು ಮಾಡಿ ಕೇಳಿ. ನಮ್ಮಲ್ಲಿ ಹಾಗೆ ಕೇಳಿದಾಗಲೆಲ್ಲ ಹೆಚ್ಚಿನವು ರೂಪದ ಅಥವಾ ವಿಸ್ತೀರ್ಣದ ತಪ್ಪುಗಳಾಗಿದ್ದವು, ಉಳಿದವು ನಿಜವಾಗಿಯೂ ಅಸಾಧಾರಣ ಫಸಲುಗಳಾಗಿದ್ದವು. ತಿದ್ದುಪಡಿಯನ್ನು ಹಳೆಯ ಅಂಕಿಯ ಮೇಲೆ ಬರೆಯದೆ, ಯಾರು, ಎಂದು, ಏಕೆ ತಿದ್ದಿದರು ಎಂಬ ಟಿಪ್ಪಣಿಯೊಡನೆ ಹೊಸ ಸಾಲಿನಲ್ಲಿ ಬರೆಯಬೇಕು.

ಯಾರಿಗೆ ಎಷ್ಟು ಕಾಣಬೇಕು

ಬೆಳೆಗಾರರ ಅಂಜಿಕೆಗೆ ಕಾರಣವಿದೆ. ಯಾರ ಮನೆಯಲ್ಲಿ ಎಷ್ಟು ಮಾಲಿದೆ ಎಂಬುದು ವ್ಯಾಪಾರಿಗೆ ತಿಳಿಯುವುದನ್ನು ಯಾರೂ ಬಯಸುವುದಿಲ್ಲ. ಬೆಟ್ಟದಿಂದ ಎಷ್ಟು ಸೊಪ್ಪು ತಂದಿರಿ ಎಂಬ ಪ್ರಶ್ನೆಗೂ ಜನ ಹಿಂದೆಮುಂದೆ ನೋಡುತ್ತಾರೆ. ಹೆಸರು ಮತ್ತು ಫೋನ್ ಸಂಖ್ಯೆ ಇರುವ ಮನೆಗಳ ಕೋಷ್ಟಕವನ್ನು ಉಳಿದ ಮೂರರಿಂದ ಬೇರ್ಪಡಿಸಿ, ಗುಂಪು ಆರಿಸಿದ ಇಬ್ಬರ ಬಳಿ ಮಾತ್ರ ಇಡಬೇಕು. ಹೊರಗೆ ಕೊಡುವ ಕಡತದಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶಗಳನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಗುರುತು ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಐದಕ್ಕಿಂತ ಕಡಿಮೆ ತೋಟಗಳಿರುವ ಊರಿನ ಸರಾಸರಿಯನ್ನು ಪ್ರಕಟಿಸದೆ ತಾಲೂಕಿನ ಲೆಕ್ಕಕ್ಕೆ ಸೇರಿಸಬೇಕು. ಒಂದು ಊರಿಗೆ ಒಬ್ಬರೇ ಸಾವಯವ ಇಶಾಡು ಬೆಳೆಗಾರರಿದ್ದರೆ ಆ ಸರಾಸರಿ ಅವರ ಹೆಸರನ್ನೇ ಹೇಳಿದಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನೇ ಮುಖ್ಯವಾಗಿ ಇಟ್ಟುಕೊಂಡಿದೆ. ಯಾವ ಉದ್ದೇಶಕ್ಕೆ ಸಂಗ್ರಹ, ಯಾರು ನೋಡುತ್ತಾರೆ, ಬೇಡವೆನಿಸಿದರೆ ಹಿಂತೆಗೆದುಕೊಳ್ಳುವುದು ಹೇಗೆ ಎಂಬುದನ್ನು ಅರ್ಧ ಪುಟದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆಯಬೇಕು. ಹೆಸರಿಲ್ಲದ ಕಡತವನ್ನು ಓಪನ್ ಡೇಟಾಬೇಸ್ ಲೈಸೆನ್ಸಿನಂಥ ಮುಕ್ತ ಪರವಾನಗಿಯಲ್ಲಿ ಬಿಟ್ಟರೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರೂ, ಬೇರೆ ಜಿಲ್ಲೆಯ ಗುಂಪುಗಳೂ ಬಳಸಬಹುದು, ಬಳಸಿ ಕಟ್ಟಿದ್ದನ್ನು ಅವರೂ ಮುಕ್ತವಾಗಿಡಬೇಕಾಗುತ್ತದೆ.

ಕೊಟ್ಟವರಿಗೆ ಮರಳಿ ಕೊಡುವುದು

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಪ್ರತಿ ಮನೆಗೂ ಒಂದು ಹಾಳೆ ತಲುಪಬೇಕು. ಒಂದು ಬದಿಗೆ ಅವರದೇ ತುಂಡುಗಳ ಲೆಕ್ಕ, ಇನ್ನೊಂದು ಬದಿಗೆ ಅದೇ ಬೆಳೆಯ ಎಲ್ಲ ತೋಟಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ, ಅತಿ ಕಡಿಮೆ ಮತ್ತು ಅತಿ ಹೆಚ್ಚು. ಸರಾಸರಿಗಿಂತ ಈ ನಡುವಣ ಅಂಕಿಯೇ ಮೇಲು. ಒಂದು ದೊಡ್ಡ ತೋಟ ಅದನ್ನು ಎಳೆದಾಡಲಾರದು. ಅಡಿಕೆಯಲ್ಲಿ ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಬರುವುದು ಸಾಮಾನ್ಯವಾದ್ದರಿಂದ ಕನಿಷ್ಠ ನಾಲ್ಕು ವರ್ಷಗಳ ಲೆಕ್ಕ ಕೂಡುವವರೆಗೆ ಯಾವ ತಳಿಯನ್ನೂ, ಯಾವ ಪದ್ಧತಿಯನ್ನೂ ಮೇಲು ಕೀಳೆಂದು ಹೇಳಬಾರದೆಂದು ನಾವು ನಿಯಮ ಮಾಡಿಕೊಂಡಿದ್ದೇವೆ. ಹಾಳೆಯನ್ನು ಓದಿದವರು ಇದು ನಮ್ಮ ಲೆಕ್ಕವಲ್ಲ, ಮೂರನೆಯ ಕೊಯ್ಲು ಬಿಟ್ಟುಹೋಗಿದೆ ಎಂದು ಹೇಳಿಕಳುಹಿಸುತ್ತಾರೆ. ಆ ಮಾತಿಗಾಗಿಯೇ ಹಾಳೆಯನ್ನು ಕೊಡುವುದು, ಎಷ್ಟೋ ತಪ್ಪುಗಳು ಸಿಗುವುದು ಅಲ್ಲಿಯೇ.

ಕಾಗದದ ನಮೂನೆಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೂ ಎಸೆಯಬೇಡಿ. ಘಟ್ಟದ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಕಾಗದ ಬೂಸಲು ಹಿಡಿಯುತ್ತದೆ, ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ನಮ್ಮ ಗುಂಪಿನ ಕಟ್ಟುಗಳು ಒಬ್ಬರ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ, ಬೀಜದ ಸೌತೆಯ ಪಕ್ಕದಲ್ಲಿ, ಹೊಗೆಯ ಬಿಸಿಗೆ ಒಣಗಿಕೊಂಡು ಇವೆ. ಮೊದಲ ವರ್ಷದ ಆ ಮೂರು ಅಡಿಕೆ ಲೆಕ್ಕಗಳೂ ಅಲ್ಲಿಯೇ ಇವೆ.